ತೊಟ್ಟಿಗೆ ಬೀಳದ ತೂತು ಕಾಸು

ಆದವಾನಿಯ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಈಶ್ವರಿಗೆ ಒಂದು ಅಭ್ಯಾಸ. ಮನೆಯ ಮೀನಿನ ತೊಟ್ಟಿಗೆ ಏನೇ ಹಾಕಬೇಕಾದರೂ ಮೊದಲು ಅದರ ಮೇಲೆ ಚಿಟಿಕೆ ಅರಳೆ ಎಳೆದು ನೋಡುವಳು. ಎಳೆ ಸಿಕ್ಕಿಕೊಂಡಿತೋ, ಆ ವಸ್ತು ಹಿತ್ತಲಿಗೆ. ಅರಳೆಯನ್ನು ಹಿಡಿಯುವ ಅಂಚು ಮೀನಿನ ರೆಕ್ಕೆಯನ್ನು ಬಿಟ್ಟೀತೇ? ಈ ಪರೀಕ್ಷೆಯಲ್ಲಿ ಗೆದ್ದು ನೀರಿಗಿಳಿದದ್ದು ಒಂದು ಬಾಯೊಡೆದ ಮಣ್ಣಿನ ಕುಡಿಕೆ ಮಾತ್ರ. ಅದರ ಅಂಚನ್ನೂ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ ತಿಕ್ಕಿ ನುಣುಪು ಮಾಡಿ, ಕುದಿಸಿ, ಅಡ್ಡ ಮಲಗಿಸಿದ್ದಳು. ಎರಡು ಕೆಂಪು ಮೀನು ಅದರೊಳಗೆ ನುಗ್ಗಿ ಹೊರಬರುವುದನ್ನು ನೋಡುತ್ತ ಕುಳಿತರೆ ಮಿಲ್ಲಿನ ದೂಳೆಲ್ಲ ಎದೆಯಿಂದ ಇಳಿದಂತಾಗುತ್ತಿತ್ತು.

ಮೊದಲು ಮೂರಿದ್ದವು. ಗಂಡನ ಅಣ್ಣ ಜಂಬಯ್ಯ ಪೆದ್ದಹರಿವಾಣಂನಿಂದ ಬಂದವನು, ಮನೆತನದ ತಾಮ್ರದ ತೂತು ಕಾಸನ್ನು ಹುಣಿಸೆಹಣ್ಣಿನಲ್ಲಿ ತೊಳೆದು ತೊಟ್ಟಿಗೆ ಬಿಟ್ಟಿದ್ದ. ಹೊಸ ಬಾವಿ ತೋಡಲಿ, ಹೊಸ ಹಂಡೆ ತುಂಬಲಿ, ಮನೆಗೆ ದೃಷ್ಟಿ ತಾಗದಿರಲೆಂದು ನೀರಿಗೆ ಆ ಕಾಸು ಮುಟ್ಟಲೇಬೇಕು. ಅವರ ಮನೆಯ ಪದ್ಧತಿ ಅದು. ವಾರ ತುಂಬುವ ಮೊದಲೇ ದೊಡ್ಡ ಮೀನು ಮೇಲೆ ತೇಲಿ, ಬಾಯಿ ಬಡಿದು ಬಡಿದು ಸತ್ತಿತು.

"ಮನಿ ಮ್ಯಾಲಿನ ದೃಷ್ಟಿ ಹೊತ್ಕೊಂಡು ಹೋತಮ್ಮಾ, ಮಂಚಿದೇ ಆತು, ಒಳ್ಳೇದೇ ಆತು" ಎಂದು ಜಂಬಯ್ಯ ಫೋನಿನಲ್ಲಿ ಸಮಾಧಾನ ಹೇಳಿದ.

ಸ್ಟೇಷನ್ ರಸ್ತೆಯ ಮೀನಿನ ಅಂಗಡಿಯವನು ಹೇಳಿದ್ದೇ ಬೇರೆ: ತಾಮ್ರ ಮೀನಿಗೆ ವಿಷ. ಈಶ್ವರಿ ನೀರೆಲ್ಲ ಬದಲಿಸಿ, ಕಾಸನ್ನು ಊರಿಗೆ ಕಳಿಸಿಬಿಟ್ಟಳು.

ಈ ಭಾನುವಾರ ಉರುಕುಂದಕ್ಕೆ ಹೋಗಿ ದೇವರಿಗೆ ಕೈಮುಗಿದು ಬಂದ ಜಂಬಯ್ಯ ಚೀಲದಿಂದ ಬಣ್ಣದ ಪ್ಲಾಸ್ಟಿಕ್ ಆನೆ ತೆಗೆದ.

"ತಗಾ, ನಿನ್ನ ಮೀನಿಗೆ ಆಟಕ್ಕ."

ಈಶ್ವರಿ ಅರಳೆ ಎಳೆದಳು. ಸೊಂಡಿಲಿನ ತುದಿಯಲ್ಲಿ ಎಳೆ ನಿಂತಿತು. ಹೆಬ್ಬೆರಳು ಒದ್ದೆ ಮಾಡಿ ತಿಕ್ಕಿದಳು, ಆನೆಯ ಬಣ್ಣ ಬಿಟ್ಟು ಬೆರಳು ಕೆಂಪಾಯಿತು.

"ಏನಮ್ಮಾ, ಹೆಣ್ಣು ನೋಡಾಕ ಕುಂತೀಯೇನು? ಇಷ್ಟು ಪರೀಕ್ಷೆ!"

"ನನ್ನ ನೋಡಾಕ ಬಂದಾಗ ನೀವು ನಡಸಿ ನೋಡಿದ್ರಿ, ಹಾಡು ಹಾಡಿಸಿ ನೋಡಿದ್ರಿ. ಆನೀನ ಒಂದ್ಸಲ ತಿಕ್ಕಿ ನೋಡಿದ್ರ ತಪ್ಪೇನ್ರಿ ಬಾವ?"

ಗಂಡ ಓಬಳೇಶ ನಕ್ಕುಬಿಟ್ಟ. ಅಣ್ಣನ ಮುಖ ನೋಡಿ ಅದನ್ನು ಕೆಮ್ಮು ಮಾಡಿದ.

ಜಂಬಯ್ಯ ಈಗ ಜೇಬಿಗೆ ಕೈಹಾಕಿದ. ಅದೇ ತೂತು ಕಾಸು, ಹುಣಿಸೆಯಲ್ಲಿ ತೊಳೆದು ಫಳಫಳ ಹೊಳೆಯುತ್ತಿತ್ತು.

"ಇದಕ್ಕ ಎಳಿ ನಿನ್ನ ಅರಳಿ. ಬೆಣ್ಣಿಯಂಗ ಐತಿ."

ಈಶ್ವರಿ ಎಳೆದಳು. ಒಂದು ಎಳೆಯೂ ನಿಲ್ಲಲಿಲ್ಲ.

"ಚೂಸಿನಾವಾ? ನೋಡಿದೇನು?" ಎಂದು ಜಂಬಯ್ಯ ತೊಟ್ಟಿಯ ಕಡೆ ಬಾಗಿದ.

ಈಶ್ವರಿ ಎರಡೂ ಅಂಗೈ ಅಗಲಿಸಿ ತೊಟ್ಟಿಯ ಬಾಯಿ ಮುಚ್ಚಿದಳು. "ನುಣ್ಣಗ ಐತ್ರಿ. ಆದ್ರ ವಿಷ ಚುಚ್ಚೇ ಕೊಲ್ಲಬೇಕಂತ ಏನಿಲ್ಲಲ್ಲ."

"ಕೈ ತೆಗಿ."

"ತೆಗ್ಯಂಗಿಲ್ಲ."

"ಹಂಗಾದ್ರ ಈ ಮನ್ಯಾಗ ನಾ ನೀರು ಮುಟ್ಟಂಗಿಲ್ಲ."

"ಈಶ್ವರೀ, ಹಿರೇರು ಅದಾರ..." ಓಬಳೇಶ ತಡವರಿಸಿದ.

"ಹಿರೇರು ಅದಾರ, ಖರೆ. ಸಾಯೋದು ಮೀನು."

ಜಂಬಯ್ಯನ ಮೀಸೆ ಅದುರಿತು. "ಮತ್ತ ಮನಿ ದೃಷ್ಟಿ ಯಾರು ಹೊರಬೇಕು?"

"ನಾ ಹೊರ್ತೀನಿ. ಕೊಡ್ರಿ ಇಲ್ಲಿ."

ಅವನು ತಬ್ಬಿಬ್ಬಾಗಿ ನಿಂತಿರುವಾಗಲೇ ಕಾಸನ್ನು ಅವನ ಬೆರಳುಗಳ ನಡುವಿನಿಂದ ತೆಗೆದುಕೊಂಡಳು. ಸೆರಗಿನಲ್ಲಿದ್ದ ಅರಳೆಯನ್ನು ತೊಡೆಯ ಮೇಲೆ ಹೊಸೆದು ದಾರ ಮಾಡಿ, ತೂತಿನಲ್ಲಿ ಪೋಣಿಸಿ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ ತನ್ನ ತೋಳಿಗೇ ಕಟ್ಟಿಕೊಂಡಳು.

"ಬರೋದೆಲ್ಲಾ ನನಗ ಬರಲಿ. ನನಗ ಬಾಯಿ ಐತಿ, ನೋವಾದ್ರ ಊರು ಕೇಳಂಗ ಕೂಗ್ತೀನಿ. ಅವಕ್ಕ ಏನೈತ್ರಿ?"

ಜಂಬಯ್ಯ ಆನೆಯನ್ನು ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಅಣ್ಣನ ಹಿಂದೆ ಓಡಲು ಓಬಳೇಶ ಒಂದು ಕಾಲು ಹೊಸ್ತಿಲಾಚೆ ಇಟ್ಟವನು, ಹೆಂಡತಿಯ ತೋಳು ನೋಡಿ, ಕಾಲನ್ನು ಒಳಗೆಳೆದುಕೊಂಡ.

ಬಾವನಿಗೆಂದು ತುಂಬಿಟ್ಟ ತಾಮ್ರದ ಚೊಂಬು ಹಾಗೆಯೇ ಇತ್ತು. ಈಶ್ವರಿ ಅದನ್ನೆತ್ತಿ, ತೊಟ್ಟಿಯ ಮುಂದೆಯೇ ನಿಂತು, ಹನಿ ಬಿಡದೆ ಕುಡಿದಳು.