ಐದೇ ನಿಮಿಷ

"ಮಂಡಿ ಮಡಚು, ಇನ್ನೂ ಮಡಚು. ಸೆಟೆದುಕೊಂಡ್ರೆ ಆಮೇಲೆ ಕೂರ್ಸಕ್ಕಾಗಲ್ಲ," ಎಂದ ಶಂಭುಲಿಂಗಪ್ಪ.

ಆಸ್ಪತ್ರೆಯಿಂದ ಆಗಷ್ಟೇ ತಂದ ಅಣ್ಣ ಶಿವರುದ್ರಪ್ಪನವರ ದೇಹವನ್ನು ಚಾಮರಾಜಪೇಟೆ ಮನೆಯ ಗೋಡೆಗೆ ಒರಗಿಸುತ್ತಿದ್ದರು. ಅವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು.

ಕಾಲು ಹಿಡಿದಿದ್ದ ಬಿಟಿಎಸ್ ಡ್ರೈವರ್ ಮುರುಗೇಶ ಅಂದ, "ಇಪ್ಪತ್ತು ವರ್ಷ ನನ್ ಬಸ್ಸಿಗೆ ಕಂಡಕ್ಟರು. ಸೀಟು ಖಾಲಿ ಇದ್ರೂ ಕೂರ್ತಿರ್ಲಿಲ್ಲ. ಬೈದು ಬೈದು ಸಾಕಾಗಿತ್ತು. ಈಗ ಕೂತ ನೋಡಿ."

ಯಾರೋ ನಕ್ಕರು.

"ಕೂರ್ಸಬೇಡಿ," ಅಂದರು ಶಿವರುದ್ರಪ್ಪನವರ ಹೆಂಡತಿ ಶೈಲಜಮ್ಮ. "ಮೊದ್ಲು ಮಲಗ್ಸಿ."

"ಅತ್ತಿಗೆ, ನಮ್ಮಲ್ಲಿ ಎಲ್ಲಾದ್ರೂ ಮಲಗ್ಸ್ತಾರಾ?"

"ಮಾತು ಕೊಟ್ಟಿದೀನಿ."

*

ಡಿಪೋದಲ್ಲಿ ಮೊಳೆ ಚುಚ್ಚಿದ ಪಾದಕ್ಕೆ ಅರಿಶಿನ ಮೆತ್ತಿಕೊಂಡು ಶಿವರುದ್ರಪ್ಪ ವಾರವಿಡೀ ಡ್ಯೂಟಿ ಮಾಡಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ಮೈ ಕೆಂಡ.

"ಕಾಲಿನ ನಂಜು ರಕ್ತಕ್ಕೇರಿದೆಯಮ್ಮ," ಅಂದರು ಡಾಕ್ಟರು. "ಹೃದಯ ಸೋತಿದೆ, ರಕ್ತನ ಮುಂದಕ್ಕೆ ತಳ್ಳಕ್ಕಾಗ್ತಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬ್ತಿದೆ. ಮಲಗ್ಸಿದ್ರೆ ಉಸಿರು ಕಟ್ಟುತ್ತೆ. ಕೂರ್ಸೇ ಇಡಿ."

ಆರು ದಿನ, ಬೆನ್ನಿಗೆ ಮೂರು ದಿಂಬು. ಎದೆಯೊಳಗೆ ಅನ್ನ ಕುದಿಯುವಂಥ ಸದ್ದು. ಕಣ್ಣು ಹತ್ತಿದರೆ ಕುತ್ತಿಗೆ ಜೋತುಬಿದ್ದು ಮತ್ತೆ ಎಚ್ಚರ.

"ಶೈಲಾ, ಒಂದ್ಸಲ ಕಾಲು ಚಾಚಿ ಮಲಗ್ತೀನಿ ಕಣೆ. ಐದೇ ನಿಮಿಷ."

"ಬೇಡ ರೀ. ಮನೆಗೆ ಹೋಗ್ತಿದ್ದ ಹಾಗೇ ನಾನೇ ಚಾಪೆ ಹಾಸ್ತೀನಿ."

"ಆಮೇಲೆ ಮರೆತ್ಬಿಡ್ತೀಯ."

"ಇಲ್ಲ ಅಂದ್ನಲ್ಲ."

ದಿಂಬು ಎಳೆಯಲು ಹೋದ ಅವರ ಕೈಯನ್ನು ಶೈಲಜಮ್ಮ ಬಿಗಿಯಾಗಿ ಹಿಡಿದುಕೊಂಡರು. ಇವತ್ತು ಬೆಳಗ್ಗೆ ಆ ಕೈ ಎಳೆಯುವುದನ್ನು ಬಿಟ್ಟಿತು.

*

"ಐದೇ ನಿಮಿಷ, ಶಂಭು. ಆಮೇಲೆ ನಿಮ್ಮ ಪದ್ಧತಿ ಮಾಡ್ಕೊಳ್ಳಿ."

"ಅಯ್ಯನೋರು ಬರೋ ಹೊತ್ತು ಅತ್ತಿಗೆ. ಪೂಜೆ ಮಾಡೋರಿಗೆ ಏನಂತ ಹೇಳ್ಲಿ?"

"ಆರು ದಿನದಿಂದ ನಿದ್ದೆ ಇಲ್ಲ ಅಂತ ಹೇಳು."

ಶಂಭುಲಿಂಗಪ್ಪ ಬಾಗಿಲ ಕಡೆ ನೋಡಿದ. ಅಣ್ಣನ ಮುಖ ನೋಡಿದ. ಮಂಡಿ ಮೇಲಿದ್ದ ಕೈ ತೆಗೆದ. ಮುರುಗೇಶ ತಾನು ಹಿಡಿದಿದ್ದ ಕಾಲುಗಳನ್ನು ಮೆಲ್ಲಗೆ ನೇರ ಮಾಡಿದ.

ಶೈಲಜಮ್ಮ ಚಾಪೆ ಹಾಸಿದರು. ಯಾರೋ ದಿಂಬು ತಂದರು.

"ದಿಂಬು ಬೇಡ."

ಮಲಗಿಸಿದಾಗ ಬ್ಯಾಂಡೇಜು ಕಟ್ಟಿದ ಪಾದ ಗೋಡೆಗೆ ತಗಲುತ್ತಿತ್ತು. ಚಾಪೆಯನ್ನು ಒಂದು ಗೇಣು ಈಚೆಗೆ ಎಳೆದುಕೊಂಡು, ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂತರು.

ಗಂಟೆಯ ಸದ್ದು ಬೀದಿಯ ತುದಿಯಿಂದ ಹತ್ತಿರವಾಗುತ್ತ ಬಂತು. ಅಯ್ಯನವರು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದರು. ಶಂಭುಲಿಂಗಪ್ಪ ಹೇಳಲೆಂದು ಬಾಗಿಲಿಗೆ ಬಂದ.

ಅಯ್ಯನವರು ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಸದ್ದಾಗದಂತೆ, ಹೊರಗೇ ಜಗಲಿಯ ಮೇಲೆ ಕೂತರು.