ಬಿಳಿ ಸಾರು

ಮಸ್ಸೂದಾಳಿಗೆ ಮೊದಲ ಸಲ ಹೊಟ್ಟೆ ಉರಿದದ್ದು ಮುದುಕ ಮಖ್ಲೂಫನ ಮಂಚದ ಪಕ್ಕದಲ್ಲಿ.

"ಅಲ್ಲಿಡಮ್ಮ," ಎಂದ ಮುದುಕ, ಅವಳು ತಂದ ಬಿಸಿ ಗಂಜಿಯ ಕಡೆ ನೋಡದೆ. "ಬೆಳಿಗ್ಗೆ ಆ ರುಮೇನಿಯಾದ ಹೆಂಗಸು ಬಂದಿದ್ಲು. ಕಾಲುಗುರು ತೆಗೆದುಕೊಟ್ಲು. ನನ್ನ ಹೆಂಡ್ತಿ ಹೋದ್ಮೇಲೆ ಈ ಕಾಲನ್ನ ಯಾರೂ ಮುಟ್ಟಿರ್ಲಿಲ್ಲ."

"ಗಂಜಿ ಆರಿಹೋಗುತ್ತೆ ಅಜ್ಜ."

"ಹೊಟ್ಟೆ ತುಂಬಿದೆ. ಸಾರು ತಂದಿದ್ಲು. ಹುಳಿಹುಳಿಯಾಗಿ, ಎಷ್ಟು ಚೆನ್ನಾಗಿತ್ತು ಅಂತೀಯ!"

ಮೊರಾಕೊದ ಯಹೂದಿಗಳು ನೆಗೆವ್ ಮರಳುಗಾಡಿನ ಈ ಹೊಸ ಊರಿಗೆ ಬಂದು ಎಂಟು ವರ್ಷ. ಅಂದಿನಿಂದ ತಮ್ಮವರ ಮೇಲಿನ ಬೀದಿಯಲ್ಲಿ ಯಾರು ಕಾಯಿಲೆಯಿಂದ ಮಲಗಿದರೂ ಮೊದಲು ಬಾಗಿಲು ತಟ್ಟುತ್ತಿದ್ದವಳು ಮಸ್ಸೂದಾ. ನಮ್ಮ ಮೂಲಪುರುಷ ಅಬ್ರಹಾಮ ಕಾಯಿಲೆ ಬಿದ್ದಾಗ ದೇವರೇ ನೋಡಲು ಬಂದಿದ್ದ, ಆ ಕೆಲಸ ನಮ್ಮ ಪಾಲಿಗೆ ಬಂದಿದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಈಗ ನಾಲ್ಕು ತಿಂಗಳ ಹಿಂದೆ ಬಂದ ವಿಧವೆ ಫೇಗಾ, ಊರ ಮಾತು ಇಪ್ಪತ್ತು ಪದ ಬಾರದವಳು, ರುಮೇನಿಯಾದವರ ಕೆಳಗಿನ ಬೀದಿಯಿಂದ ಕರೆಯದೆಯೇ ಹತ್ತಿ ಬರುತ್ತಿದ್ದಳು. ಎರಡು ಬೀದಿಗಳಿಗೆ ಮಾತಿರಲಿಲ್ಲ. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ವಾರದ ವಿಶ್ರಾಂತಿಯ ಸಬ್ಬತ್ ದಿನ ಎರಡೂ ಬೀದಿಯವರು ತಮ್ಮ ತಮ್ಮ ಪ್ರಾರ್ಥನೆಯ ಕೋಣೆಯಲ್ಲಿ ಹತ್ತನೆಯವನಿಗಾಗಿ ಕಾಯುತ್ತಿದ್ದರೇ ಹೊರತು ಒಬ್ಬರನ್ನೊಬ್ಬರು ಕರೆಯುತ್ತಿರಲಿಲ್ಲ.

ಆ ಸಾರಿನಲ್ಲಿ ಏನಿದೆಯೋ ನೋಡಿಯೇ ಬಿಡೋಣವೆಂದು ಮಸ್ಸೂದಾ ಇಳಿದು ಹೋದಳು. ಫೇಗಾ ಸಂಭ್ರಮದಿಂದ ಕೂರಿಸಿದಳು. ಕುದಿಯುವ ಕೋಳಿಸಾರನ್ನು ಇಳಿಸಿ, ನಾಲ್ಕು ಮೊಟ್ಟೆ ಕದಡಿ ಸುರಿದಳು. ಸಾರು ಹಾಲಿನಂತೆ ಬೆಳ್ಳಗಾಯಿತು. ಒಂದು ಚಮಚ ಕೊಟ್ಟಳು. ರುಚಿಯಾಗಿತ್ತು. ಅದನ್ನೇ ಮಸ್ಸೂದಾಳಿಗೆ ತಡೆಯಲಾಗಲಿಲ್ಲ.

ಮರುದಿನ ಬ್ರೆಡ್ಡಿನ ಸಾಲಿನಲ್ಲಿ ನಿಂತು ಅವಳು ಅಂದದ್ದು ಒಂದೇ ಮಾತು: "ಕೋಳಿಸಾರು ಹಾಲಿನ ಹಾಗೆ ಬೆಳ್ಳಗಿರೋದನ್ನ ನಾನೆಲ್ಲೂ ನೋಡಿರ್ಲಿಲ್ಲಪ್ಪ."

ಅಷ್ಟು ಸಾಕಾಯಿತು. ಮಾಂಸಕ್ಕೆ ಹಾಲು ಬೆರೆಸುವುದು ಅವರ ಧರ್ಮಕ್ಕೆ ನಿಷಿದ್ಧ; ಬೆರೆಸಿದವಳ ಪಾತ್ರೆಯನ್ನು ಯಾವ ಮನೆ ಒಳಗೆ ಬಿಟ್ಟೀತು? ಸಂಜೆಯೊಳಗೆ ಮೇಲಿನ ಬೀದಿಯ ಬಾಗಿಲುಗಳೆಲ್ಲ ಫೇಗಾಳಿಗೆ ಮುಚ್ಚಿದವು.

ಆ ವಾರವೇ ಚಳಿಜ್ವರ ಊರಿಗೆ ಕಾಲಿಟ್ಟಿತು. ಮಸ್ಸೂದಾ ಒಬ್ಬಳೇ ಹನ್ನೊಂದು ಮನೆಗೆ ಗಂಜಿ ಹೊತ್ತಳು. ಐದನೇ ದಿನ ಅವಳಿಗೆ ಸಾಕುಸಾಕಾಗಿತ್ತು. ಬಾಣಂತಿ ಯಾಕೋತಳ ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೆಟ್ಟಿಲ ಮೇಲೆ ಫೇಗಾ, ತೊಡೆಯ ಮೇಲೆ ಮುಚ್ಚಿದ ಪಾತ್ರೆ. ಒಳಗೆ ಕೂಸು ಚೀರುತ್ತಿತ್ತು.

"ಅಕ್ಕಾ," ಎಂದಳು ಫೇಗಾ, ಪದ ಹುಡುಕುತ್ತ. "ಬಾಗಿಲು ಇಲ್ಲ. ಎಲ್ಲ ಮನೆ, ಇಲ್ಲ. ನಾನು ತಪ್ಪು? ಏನು ತಪ್ಪು?"

"ಎಷ್ಟು ಹೊತ್ತಾಯ್ತು ಕೂತು?"

"ಬೆಳಿಗ್ಗೆ."

ಆಗಲೂ ಮಸ್ಸೂದಾಳಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಯುರಿಯೇ. ಮುಖಕ್ಕೆ ಬಾಗಿಲು ಹಾಕಿದರೂ ಎದ್ದು ಹೋಗಿಲ್ಲವಲ್ಲ ಇವಳು! ನಾನಾಗಿದ್ದರೆ ಪಾತ್ರೆ ಅಲ್ಲೇ ಸುರಿದು ಶಾಪ ಹಾಕಿ ಹೋಗುತ್ತಿದ್ದೆ. ಇದರಲ್ಲೂ ನನಗಿಂತ ಒಂದು ಕೈ ಮೇಲೆ. ಕೂಸು ಮತ್ತೆ ಚೀರಿತು. ಅವಳು ಪಾತ್ರೆ ಕಿತ್ತುಕೊಂಡು, ಮುಚ್ಚಳ ತೆಗೆದು, ನಡುಬೀದಿಯಲ್ಲಿ ನಿಂತು ಗಟಗಟ ಕುಡಿದಳು.

"ಮೊಟ್ಟೆ ಕಣ್ರೇ!" ಎಂದು ಕೂಗಿದಳು. "ಬರೀ ಮೊಟ್ಟೆ! ನಾನೇ ಕಣ್ಣಾರೆ ನೋಡಿದ್ದೆ!"

ಕಿಟಕಿಯಲ್ಲಿ ಯಾಕೋತಳ ಬಾಡಿದ ಮುಖ ಕಾಣಿಸಿತು. "ಮತ್ತೆ ಅವತ್ತು ಹಾಗಂದ್ಯಲ್ಲಕ್ಕ?"

"ಹೊಟ್ಟೆಕಿಚ್ಚು ಕಣೇ, ಇನ್ನೇನು! ಮೊದ್ಲು ಬಾಗಿಲು ತೆಗಿ."

ಫೇಗಾಳಿಗೆ ಎಷ್ಟು ಅರ್ಥವಾಯಿತೋ. ಬಾಗಿಲು ತೆರೆದದ್ದೇ ಒಳಗೆ ಹೋಗಿ ಕೂಸನ್ನೆತ್ತಿಕೊಂಡಳು.

ಮಸ್ಸೂದಾಳನ್ನು ಹೆಂಗಸರು ತಿಂಗಳುಗಟ್ಟಲೆ ಆಡಿಕೊಂಡರು. ಆದರೂ ಅಂದಿನಿಂದ ಇಬ್ಬರೂ ಮನೆಗಳನ್ನು ಹಂಚಿಕೊಂಡರು. ಫೇಗಾಳ ಪಾತ್ರೆ ಹೊರಲು ಕೆಳಗಿನ ಬೀದಿಯ ಗಂಡಸರು ಮೇಲೆ ಬಂದರು. ಜ್ವರದಿಂದ ಅರ್ಧ ಜನ ಮಲಗಿದ್ದ ಆ ಸಬ್ಬತ್ ದಿನ ಎರಡೂ ಕೋಣೆಯವರು ಸೇರಿದಾಗಲೇ ಹತ್ತು ತಲೆ ಆದದ್ದು. ರಾಗ ನಮ್ಮದು ಹಾಡಬೇಕೋ ನಿಮ್ಮದೋ ಎಂದು ಜಗಳವಾಯಿತು. ಜ್ವರ ಹೋದ ಮೇಲೂ ಜಗಳ ಮುಂದುವರಿಯಿತು, ಕೋಣೆ ಮಾತ್ರ ಒಂದೇ ಉಳಿಯಿತು.

ಮಸ್ಸೂದಾಳ ಕಿಚ್ಚು ಆರಲಿಲ್ಲ. ವಸಂತದ ಒಂದು ಬೆಳಿಗ್ಗೆ ಯಾರೋ ಬಿದ್ದು ಸೊಂಟ ಮುರಿದುಕೊಂಡರೆಂದು ಕೇಳಿ ಹೊರಟಳು. ಎದುರು ದಿಬ್ಬದಲ್ಲಿ ಫೇಗಾ ಹತ್ತಿ ಬರುತ್ತಿದ್ದಳು, ಕೈಯಲ್ಲಿ ಪಾತ್ರೆ. ಮಸ್ಸೂದಾ ಶಾಲು ಬಿಗಿದು ಬಿರಬಿರನೆ ಹೆಜ್ಜೆ ಹಾಕಿದಳು.