ಕೊನೆಯ ನಾಲ್ಕು ಅಡಿ

ಕಾಗೆ ಬರಲಿಲ್ಲ.

ಹಿತ್ತಲ ಗೋಡೆಯ ಮೇಲೆ ಬಾಳೆಲೆಯ ತುಂಡಿನಲ್ಲಿಟ್ಟ ಪಿಂಡ ಬಿಸಿಲಿಗೆ ಬಿರಿಯತೊಡಗಿತ್ತು. ಅಪ್ಪನ ಶ್ರಾದ್ಧ ಮಾಡಿಸಿದ ಭಟ್ಟರು ಉಂಡು ಹೋಗಿ ಗಂಟೆಯಾಗಿತ್ತು. ಪ್ರಹ್ಲಾದ ಇನ್ನೂ ಮಡಿ ಧೋತರದಲ್ಲೇ ಕೈಮುಗಿದು ನಿಂತಿದ್ದ.

"ಏನರೆ ಮಾತು ಕೊಡೋ," ಎಂದಳು ತಾಯಿ ಕಾಶೀಬಾಯಿ. "ನಿಮ್ಮಪ್ಪಗ ಏನೋ ಆಶಾ ಉಳದದ. ಕಾಗಿ ಮುಟ್ಟೂತನಕಾ ನಾ ಬಾಯಾಗ ನೀರ ಹಾಕಂಗಿಲ್ಲ."

"ಏನ ಆಶಾ?"

"ಮಗಾ ನೀನು. ನಿನಗ ಗೊತ್ತಿರಬೇಕು."

ಗೊತ್ತಿರಲಿಲ್ಲ. ಅಪ್ಪ ಜಮಖಂಡಿ ಸಂಸ್ಥಾನದ ದಫ್ತರದಲ್ಲಿ ಮೂವತ್ತು ವರ್ಷ ಕಾಗದ ನಕಲು ಮಾಡಿದ. ಸಂಸ್ಥಾನ ಮುಂಬಯಿಗೆ ಸೇರಿದ ವರ್ಷ ತೀರಿಕೊಂಡ. ನಡುವೆ ಅವನಿಗೇನು ಬೇಕಿತ್ತೆಂದು ಯಾರು ಕೇಳಿದ್ದರು?

"ಎಲ್ಲಾ ನೀ ಅಂದಂಗ ಆಗ್ತದ," ಎಂದು ಪ್ರಹ್ಲಾದ ಗೋಡೆಗೆ ಹೇಳಿದ. ಕಾಗೆಗಳೇನು ಪೆದ್ದುಗಳೆ! ಒಂದೂ ಇಳಿಯಲಿಲ್ಲ.

ಎಳ್ಳುನೀರು ಬಿಡುವಾಗ ಭಟ್ಟರು "ತಂದಿ ಮುಖಾ ನೆನಸಿಕೋರಿ" ಎಂದಿದ್ದರು. ಕಣ್ಣು ಮುಚ್ಚಿದ. ಕಂಡದ್ದು ಬಿಳಿ ಚೆಂಡು. ನಾಲ್ಕು ಅಡಿ ಉರುಳಿ ಕುಳಿಗೆ ಬಿತ್ತು. ಮತ್ತೆ ಎಳ್ಳುನೀರು, ಮತ್ತೆ ಚೆಂಡು.

ಇದಕ್ಕೆಲ್ಲ ಅಂಚೆಯಲ್ಲಿ ತರಿಸಿದ ಒಂದು ಪುಸ್ತಕ ಕಾರಣ. ಗಾಲ್ಫ್ ಮನಸ್ಸಿನಿಂದ ಆಡುವ ಆಟ, ದಿನಕ್ಕೆ ನೂರು ಸಲ ಕಣ್ಣು ಮುಚ್ಚಿ ಚೆಂಡನ್ನು ಕುಳಿಗೆ ಬೀಳಿಸು, ಎಂದಿತ್ತು ಅದರಲ್ಲಿ. ಹೈಸ್ಕೂಲು ಮಾಸ್ತರನಿಗೆ ಅಷ್ಟು ಏಕಾಂತ ಎಲ್ಲಿಯದು? ಸಂಧ್ಯಾವಂದನೆಯ ಹೊತ್ತು ಸಿಕ್ಕಿತು. ಮೂರು ತಿಂಗಳಿಂದ ಬೆರಳ ಗೆರೆಯ ಮೇಲೆ ಎಣಿಸುತ್ತಿದ್ದದ್ದು ಗಾಯತ್ರಿಯಲ್ಲ, ಹೊಡೆತ. ದಿನಕ್ಕೆ ನೂರೆಂಟು. ಮಗನಿಗೆ ಭಕ್ತಿ ಬಂತೆಂದು ಕಾಶೀಬಾಯಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅವನಿಗೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ.

ಒಬ್ಬನೇ ಇದ್ದರೆ ಚೆಂಡು ತಪ್ಪುತ್ತಿರಲಿಲ್ಲ. ಯಾರಾದರೂ ನೋಡಿದರೆ ಕೈ ನಡುಗುತ್ತಿತ್ತು. ಊರಿಗೆ ಹಿರಿಯ ಅಧಿಕಾರಿಯಾದ ಪ್ರಾಂತ ಸಾಹೇಬರೆದುರು ವಾರಕ್ಕೊಮ್ಮೆಯ ಆಟದಲ್ಲಿ ಹನ್ನೊಂದು ವಾರ ಕೊನೆಯ ಕುಳಿಯಲ್ಲೇ ಸೋತಿದ್ದ. ಇವತ್ತು ಗೆದ್ದರೆ ಬೆಳಗಾವಿಯ ಪಂದ್ಯಕ್ಕೆ ಸಾಹೇಬರ ಜೋಡಿ. ಸೋತರೆ ಆ ಜಾಗ ಲೋಕಾಪುರದ ಡಾಕ್ಟರಿಗೆ. ಪ್ರಹ್ಲಾದನಿಗೆ ಬೆಳಗಾವಿ ಬೇಕಿತ್ತು. ಬದುಕಿನಲ್ಲಿ ಬೇರೇನನ್ನೂ ಅವನು ಇಷ್ಟು ಬಯಸಿರಲಿಲ್ಲ.

ನಾಲ್ಕಕ್ಕೆ ಬೂಟು ಹಾಕಿಕೊಂಡ.

"ಪಿಂಡ ಹಂಗ ಅದ," ಎಂದಳು ಕಾಶೀಬಾಯಿ.

"ಸಾಹೇಬರು ಕಾಯತಾರ. ನೀ ಉಣ್ಣು."

ಅವಳು ಮುಖ ತಿರುಗಿಸಿದಳು.

ಅರಸರ ಕಾಲದ ಆ ಮೈದಾನದಲ್ಲಿ ಹುಲ್ಲಿರಲಿಲ್ಲ. ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು. ಕಾವಲುಗಾರ ಹುಲೆಪ್ಪ ಗೋಣಿಚೀಲ ಎಳೆದು ಅದನ್ನು ಸಮ ಮಾಡಿದ್ದ. ಕೊನೆಯ ಕುಳಿಗೆ ಬರುವಾಗ ಇಬ್ಬರ ಆಟವೂ ಸಮ. ಸಾಹೇಬರ ಹೊಡೆತ ತಪ್ಪಿತು. ಪ್ರಹ್ಲಾದನ ಚೆಂಡು ಕುಳಿಯಿಂದ ನಾಲ್ಕು ಅಡಿ.

"ಹೊಡೀರಿ ಮಾಸ್ತರ. ನಾವು ನೋಡಂಗಿಲ್ಲ," ಎಂದು ಸಾಹೇಬರು ನೋಡುತ್ತ ನಿಂತರು.

ಕಣ್ಣು ಮುಚ್ಚಿದ. ಉಸಿರು ಹಿಡಿದ. ಚೆಂಡು ಉರುಳಿತು, ಬಿತ್ತು. ಬಿದ್ದ ಸದ್ದೂ ಕೇಳಿಸಿತು. ಕೈ ನಡುಗುತ್ತಿರಲಿಲ್ಲ. ಅಬ್ಬಾ, ನಡುಗುತ್ತಿರಲಿಲ್ಲ! ಹೊಡೆಯಲೆಂದು ಕಣ್ಣು ತೆರೆದ.

ಚೆಂಡು ಇರಲಿಲ್ಲ.

"ಕಾಗಿ ಹೊತ್ಗೊಂಡ ಹೋತ್ರೀ!" ಹುಲೆಪ್ಪ ಕೂಗಿದ.

ಮೈದಾನದಂಚಿನ ಕಲ್ಲುಗೋಡೆಯ ಮೇಲೆ ಕೂತ ಕಾಗೆಯ ಕೊಕ್ಕಿನಲ್ಲಿ ಚೆಂಡು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಂದ ಇಡ್ರಿ ಮಾಸ್ತರ, ನಡೀತದ."

ಕಾಗೆ ಚೆಂಡನ್ನು ಕಲ್ಲಿನ ಸಂದಿಗಿಳಿಸಿತು. ಒಮ್ಮೆ ಕುಕ್ಕಿತು. ತಲೆ ಓರೆ ಮಾಡಿ ಪ್ರಹ್ಲಾದನನ್ನು ನೋಡಿತು.

ಅವನು ಕೋಲು ಕೆಳಗಿಟ್ಟು ಬೂಟು ಬಿಚ್ಚುತ್ತಿದ್ದ.

"ಮಾಸ್ತರ?" ಸಾಹೇಬರ ನಗು ನಿಂತಿತು.

ಎಣ್ಣೆ ಮರಳಿನ ಮೇಲೆ ಬರಿಗಾಲಲ್ಲಿ ನಿಂತು ಪ್ರಹ್ಲಾದ ಕೈಮುಗಿದ. ಅಪ್ಪನ ಮುಖ ಈಗಲೂ ನೆನಪಾಗಲಿಲ್ಲ.

"ಏನ ಬೇಕಾಗಿತ್ತಪಾ ನಿನಗ?" ಎಂದು ಕೇಳಿದ.

ಕಾಗೆ ಮತ್ತೆ ಮತ್ತೆ ಕುಕ್ಕುತ್ತಿತ್ತು. ಚೆಂಡು ಒಡೆಯಲಿಲ್ಲ.